ಹಿಂದಿನ ಬಲವೇ ಇಂದಿನ ಊರುಗೋಲು



ಮಳೆ ನಿಂತ ಮೇಲೂ ಮಣ್ಣಿನ ಗೋಡೆಯ ತೇವ ಬೇಗ ಆರುವುದಿಲ್ಲ. ಬಾಲ್ಯದಲ್ಲಿ ತಿಂದ ಪೆಟ್ಟೂ ಹಾಗೆಯೇ. ಹೊಡೆದವರು ಮಣ್ಣಾಗಿ ಹೋಗಿರುತ್ತಾರೆ, ಮೈಮೇಲಿನ ಬಾಸುಂಡೆ ಮಾಸಿರುತ್ತದೆ. ಒಳಗಿನ ನೋವು ಮಾತ್ರ ಆರದೆ ಉಳಿದಿರುತ್ತದೆ.

ಒಮ್ಮೆ ಒಬ್ಬ ರೈತ ನಮ್ಮಲ್ಲಿಗೆ ಬಂದಿದ್ದ. ಅವನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. ಊರು, ಹೆಸರು ಬೇಡ. "ಬುದ್ಧಿ, ನಮ್ಮಪ್ಪ ಕುಡಿದು ಬಂದು ದನ ಕಟ್ಟೋ ಹಗ್ಗದಲ್ಲಿ ಹೊಡೀತಿದ್ದ. ನನ್ನ ಮಕ್ಕಳ ಮೇಲೆ ಕೈ ಮಾಡೋದಿಲ್ಲ ಅಂತ ಆಣೆ ಇಟ್ಟುಕೊಂಡಿದ್ದೆ. ಮೊನ್ನೆ ಮಗ ಹಾಲು ಚೆಲ್ಲಿದ, ಕೈ ಎದ್ದೇಬಿಟ್ಟಿತು. ಅವನು ಮೂಲೆ ಸೇರಿ ನನ್ನನ್ನು ನೋಡಿದ ನೋಟ, ನಾನು ನಮ್ಮಪ್ಪನನ್ನು ನೋಡ್ತಿದ್ದ ನೋಟವೇ. ಆ ರಕ್ತವೇ ನನ್ನಲ್ಲೂ ಇದೆಯಲ್ಲ ಬುದ್ಧಿ" ಎಂದು ಕಣ್ಣೀರು ಹಾಕಿದ.

ನಾವು ಉಪದೇಶಕ್ಕೆ ಹೋಗಲಿಲ್ಲ. "ಅಪ್ಪ ಹೊಡೆಯುವಾಗ ನೀನೇನು ಮಾಡುತ್ತಿದ್ದೆ?" ಎಂದು ಕೇಳಿದೆವು. "ತಂಗಿಯನ್ನು ಎತ್ತಿಕೊಂಡು ಬಣವೆಯ ಹಿಂದೆ ಓಡ್ತಿದ್ದೆ. ಅವ್ವ ಅಳೋದು ಕೇಳಬಾರದು ಅಂತ ಅವಳ ಎರಡೂ ಕಿವಿ ಮುಚ್ಚಿ ಹಿಡೀತಿದ್ದೆ" ಎಂದ. "ಮಗನ ಮೇಲೆ ಎದ್ದ ಕೈಯೂ ತಂಗಿಯ ಕಿವಿ ಮುಚ್ಚಿದ ಕೈಯೂ ಒಂದೇ ಅಲ್ಲವೇನಪ್ಪಾ? ಕಾಯುವುದನ್ನು ಅದು ಎಂಟು ವರ್ಷದಲ್ಲೇ ಕಲಿತಿದೆ" ಎಂದೆವು. ಅವನು ಬಹಳ ಹೊತ್ತು ತನ್ನ ಕೈಯನ್ನೇ ನೋಡುತ್ತ ಕುಳಿತ.

ಇದೇ ಇಂದಿನ ವಿಷಯದ ತಿರುಳು. ನೊಂದವನು ತನ್ನ ಬಾಲ್ಯವನ್ನು ನೆನೆದಾಗ ಪೆಟ್ಟು ಮಾತ್ರ ಕಾಣುತ್ತದೆ. ಪೆಟ್ಟು ತಿಂದೂ ಬದುಕಿದ ಬಲ ಕಾಣುವುದಿಲ್ಲ. ಆ ಬಲ ಹೊರಗಿನಿಂದ ತರಬೇಕಾದುದಲ್ಲ, ತನ್ನಲ್ಲಿಯೇ ಗುರುತಿಸಿಕೊಳ್ಳಬೇಕಾದುದು.

ಸೊನ್ನಲಿಗೆಯ ಸಿದ್ಧರಾಮಯ್ಯನವರ ಕಥೆಯನ್ನು ರಾಘವಾಂಕ ಕವಿ ಹೇಳಿದ್ದಾನೆ. ಮಾತನಾಡದ ಮಂದ ಬಾಲಕನೆಂದು ಜನ ಎಣಿಸಿದ್ದ ಆ ದನಗಾಹಿ ಮಗುವನ್ನು ಜಂಗಮರೂಪದ ಮಲ್ಲಯ್ಯ ಪ್ರೀತಿಯಿಂದ ಮಾತನಾಡಿಸಿದ. ಮಗು ಅವನಿಗಾಗಿ ಊಟ ತರುವಷ್ಟರಲ್ಲಿ ಅವನಿಲ್ಲ! ಅಳುತ್ತ ಶ್ರೀಶೈಲಕ್ಕೆ ಹೋಗಿ, ಅಲ್ಲಿಯೂ ಕಾಣದೆ ಕೊಳ್ಳಕ್ಕೆ ಹಾರಲು ನಿಂತಾಗ ಮಲ್ಲಯ್ಯ ಕೈಹಿಡಿದು ಕಾಪಾಡಿದ. ಮುಂದೆ ಆ ಬಾಲಕನೇ ಸೊನ್ನಲಿಗೆಗೆ ಮರಳಿ, ಕೆರೆ ಕಟ್ಟಿಸಿ ಊರಿನ ಬಾಯಾರಿಕೆ ನೀಗಿದ. ಹಿಡಿಸಿಕೊಂಡ ಕೈ ಹಿಡಿಯುವ ಕೈಯಾಯಿತು.

ಇಂದಿನ ವಿಜ್ಞಾನವೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ. ಹವಾಯಿಯ ಕೌವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬಾಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಎಂಬ ವಿದುಷಿಯರು ಹಲವು ದಶಕ ಗಮನಿಸಿದರು. ಬಡತನ, ಮನೆಯ ಕಲಹ ಮೊದಲಾದ ಕಷ್ಟಗಳು ಮುತ್ತಿದ್ದ ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಭಾಗ ಸಮರ್ಥರಾಗಿ ಬೆಳೆದರು. ಅವರಿಗೆ ಆಸರೆಯಾದುದರಲ್ಲಿ ಮುಖ್ಯವಾದುದು, ಅಜ್ಜಿಯೋ ನೆರೆಯವರೋ ಗುರುವೋ, ಅಕ್ಕರೆ ತೋರುವ ಒಂದು ಜೀವ. ಉಳಿದವರ ಪೈಕಿಯೂ ಅನೇಕರು ದೊಡ್ಡವರಾದ ಮೇಲೆ ಚೇತರಿಸಿಕೊಂಡರು. ತಡವಾಯಿತೆಂದು ಯಾರೂ ನಿರಾಶರಾಗಬೇಕಿಲ್ಲ.

ಹಾಗಾದರೆ ಮಾಡಬೇಕಾದುದೇನು? ಬೆಳಗಿನ ಲಿಂಗಪೂಜೆಯ ನಂತರ ನಾಲ್ಕು ನಿಮಿಷ ಕುಳಿತು ಕೇಳಿಕೊಳ್ಳಿರಿ: ಆ ದಿನಗಳನ್ನು ನಾನು ಹೇಗೆ ದಾಟಿದೆ? ಯಾರು ತುತ್ತು ಕೊಟ್ಟರು? ನಾನು ಯಾರನ್ನು ಕಾಪಾಡಿದೆ? ಉತ್ತರ ಸಣ್ಣದಿರಬಹುದು. ಆ ಸಣ್ಣದೇ ಬೀಜ. ನೆನೆಯುವಾಗ ಎದೆ ನಡುಗಿದರೆ ಅಲ್ಲಿಗೇ ನಿಲ್ಲಿಸಿರಿ, ಬಲವಂತ ಬೇಡ.

ಒಂದು ಎಚ್ಚರಿಕೆ. ಮಳೆಯಲ್ಲಿ ಕಂಬಳಿಯ ಕೊಪ್ಪೆ ಬೇಕು. ಬಿಸಿಲು ಬಂದ ಮೇಲೂ ಹೊದ್ದರೆ ಉಸಿರು ಕಟ್ಟುತ್ತದೆ. ಅಂದು ಬಾಯಿ ಮುಚ್ಚಿಕೊಂಡಿದ್ದು ಮಗುವನ್ನು ಉಳಿಸಿತು. ಇಂದು ಅದೇ ಮೌನ ಸಂಸಾರವನ್ನು ಒಣಗಿಸುತ್ತದೆ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಕಳಚಬೇಕು ಎಂಬ ವಿವೇಕ ಬೇಕು.

ಇನ್ನೊಂದು ಮಾತು ಕೇಳುವವರಿಗೆ. "ನೀನು ಗಟ್ಟಿಗ, ಮರೆತುಬಿಡು" ಎನ್ನಬೇಡಿರಿ. "ನಿನ್ನ ಕರ್ಮ" ಎಂದಂತೂ ಎನ್ನಲೇಬೇಡಿರಿ. ಪೆಟ್ಟು ತಿಂದ ಕೂಸಿನ ತಪ್ಪು ಅದರಲ್ಲಿ ಎಳ್ಳಷ್ಟೂ ಇಲ್ಲ. ಕ್ಷಮಿಸು ಎಂದು ಅವಸರ ಮಾಡುವುದೂ ಸಲ್ಲದು. ಮೊದಲು ಪೂರ್ತಿ ಕೇಳಿರಿ; ಆ ಕೇಳುವಿಕೆಯೂ ದಾಸೋಹವೇ.

ನಿದ್ರೆ ಕೆಡುತ್ತಿದ್ದರೆ, ಸಾಯಬೇಕೆನಿಸಿದರೆ, ಸಿಟ್ಟು ಹಿಡಿತಕ್ಕೆ ಬಾರದಿದ್ದರೆ ಮನೋವೈದ್ಯರನ್ನು ಕಾಣಿರಿ. ಮುರಿದ ಮೂಳೆಗೆ ವಿಭೂತಿ ಹಚ್ಚಿ ಸುಮ್ಮನಿರುತ್ತೇವೆಯೇ? 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ದೂರವಾಣಿ 14416 ಹಗಲಿರುಳೂ ದೊರೆಯುತ್ತದೆ. ಇಂದು ನೋಯುತ್ತಿರುವ ಮಗು ಕಂಡರೆ 1098ಕ್ಕೆ ತಿಳಿಸಿರಿ.

ಆ ರೈತ ಈಗ ವೈದ್ಯರ ಸಲಹೆಯನ್ನೂ ಪಡೆಯುತ್ತಿದ್ದಾನೆ. ಸಿಟ್ಟು ಏರಿದಾಗ ಕೊಟ್ಟಿಗೆಗೆ ಹೋಗಿ ಎತ್ತಿನ ಬೆನ್ನು ಸವರುತ್ತ ನಿಂತು, ಇಳಿದ ಮೇಲೆ ಒಳಗೆ ಬರುತ್ತಾನೆ. ಕೆಲವು ದಿನ ದನಿ ಏರುವುದುಂಟು. ಕೈ ಮಾತ್ರ ಏರಿಲ್ಲ. ಮಗನಿಗೆ ತಪ್ಪಾಯಿತೆಂದು ಹೇಳಿದ್ದಾನೆ. ಅವನ ಅಪ್ಪ ಎಂದೂ ಆಡದಿದ್ದ ಮಾತು ಅದು.

ಆ ಬಲ ನಿಮ್ಮೆಲ್ಲರಲ್ಲಿಯೂ ಎಚ್ಚರಗೊಳ್ಳಲಿ ಎಂದು ಹಾರೈಸಿ ಈ ಮಾತುಗಳನ್ನು ಮುಗಿಸುತ್ತೇವೆ.