ಕುದುರೆಗೆ ಮೀಸೆ ಏತಕ್ಕೆ?

‘ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬ ಗಾದೆ ಕಟ್ಟಿದ ನಾವು ಮೀಸೆಯನ್ನು ಮಾನದ ಗುರುತಾಗಿ ಕಂಡವರು. ಕುದುರೆಗೂ ಮೀಸೆಯುಂಟು. ಹತ್ತಿರ ಹೋಗಿ ನೋಡಿದರೆ ಅದರ ತುಟಿ, ಗದ್ದ, ಮೂಗಿನ ಹೊಳ್ಳೆಗಳ ಸುತ್ತ, ಕಣ್ಣಿನ ಮೇಲೆ ಮತ್ತು ಕೆಳಗೆ ಅಲ್ಲೊಂದು ಇಲ್ಲೊಂದು ಉದ್ದನೆಯ ಬಿರುಸು ಕೂದಲು ಕಾಣುತ್ತವೆ. ಇವು ಮಾನಕ್ಕಾಗಲಿ ಅಂದಕ್ಕಾಗಲಿ ಬೆಳೆದವಲ್ಲ. ಆದರೂ ಅಂದದ ಹೆಸರಿನಲ್ಲೇ ಇವುಗಳಿಗೆ ಬಹುಕಾಲ ಕತ್ತರಿ ಬೀಳುತ್ತ ಬಂತು. ಈಗ ಈ ನಾಲ್ಕು ಕೂದಲಿನ ಪ್ರಶ್ನೆ ಕೆಲವು ದೇಶಗಳ ಕಾನೂನಿನವರೆಗೆ, ಒಲಿಂಪಿಕ್ಸ್ ಅಂಗಳದವರೆಗೆ ಹೋಗಿದೆ.

ಕುದುರೆಯ ಮೈಮೇಲಿನ ಕೂದಲೆಲ್ಲ ಒಂದೇ ಬಗೆಯದಲ್ಲ. ಚರ್ಮವನ್ನು ಹೊದ್ದಿರುವ ಗಿಡ್ಡ ಕೂದಲು ಚಳಿಯಿಂದ ಕಾಪಾಡುತ್ತದೆ. ಕತ್ತಿನ ಮೇಲಿನ ಅಯಾಲು ಮತ್ತು ಬಾಲ ನೊಣಗಳನ್ನು ಓಡಿಸಲು ನೆರವಾಗುತ್ತವೆ. ಮುಖದ ಮೀಸೆಗಳದು ಮೂರನೆಯ ಬಗೆ. ಇವುಗಳ ಬೇರು ಚರ್ಮದಲ್ಲಿ ಹೆಚ್ಚು ಆಳಕ್ಕೆ ಇಳಿದಿರುತ್ತದೆ. ಬೇರಿನ ಸುತ್ತ ರಕ್ತ ತುಂಬಿದ ಪುಟ್ಟ ಕೋಶ, ಅದರ ಸುತ್ತ ನರಗಳ ದಟ್ಟ ಜಾಲ. ಕೂದಲ ತುದಿ ಯಾವುದಕ್ಕಾದರೂ ತಾಗಿ ಸ್ವಲ್ಪ ಬಾಗಿದರೆ ಸಾಕು, ಆ ಅಲುಗಾಟ ಬುಡದಲ್ಲಿರುವ ನರಗಳಿಗೆ ಮುಟ್ಟಿ ಅಲ್ಲಿಂದ ಮಿದುಳಿಗೆ ಸುದ್ದಿ ಹೋಗುತ್ತದೆ. ಬೆಕ್ಕು, ಇಲಿಗಳ ಮೀಸೆಯ ಕೆಲಸವೂ ಇದೇ.

ಇಷ್ಟು ದೊಡ್ಡ ಕಣ್ಣಿರುವ ಪ್ರಾಣಿಗೆ ಮೀಸೆಯ ಹಂಗೇಕೆ ಎಂದು ಕೇಳಬಹುದು. ಉತ್ತರ ಕಣ್ಣಿರುವ ಜಾಗದಲ್ಲೇ ಇದೆ. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ಹುಲ್ಲು ಮೇಯುತ್ತಲೇ ಸುತ್ತಲಿಂದ ಬರುವ ಶತ್ರುವನ್ನು ಕಾಣಲು ಇದು ಅನುಕೂಲ. ಆದರೆ ಹಣೆಯ ನೇರ ಮುಂದೆ, ಮೂಗಿನ ಅಡಿಯಲ್ಲಿ ಇರುವುದು ಅದಕ್ಕೆ ಕಾಣುವುದಿಲ್ಲ. ಎಂದರೆ ತಾನು ತಿನ್ನುತ್ತಿರುವ ಹುಲ್ಲನ್ನೇ ಕುದುರೆ ನೋಡಲಾರದು! ಅಲ್ಲಿ ಕಣ್ಣಿನ ಕೆಲಸವನ್ನು ತುಟಿ ಮತ್ತು ಮೀಸೆ ಮಾಡುತ್ತವೆ. ಗೋದಲೆಯ ಅಂಚು ಎಲ್ಲಿದೆ, ನೀರಿನ ಮಟ್ಟ ಎಷ್ಟು, ಹುಲ್ಲಿನ ನಡುವೆ ಮುಳ್ಳಿದೆಯೇ ಎಂಬುದು ಮೂತಿ ತಾಗುವ ಮೊದಲೇ ತಿಳಿಯುತ್ತದೆ. ಕಣ್ಣಿನ ಸುತ್ತಲಿನ ಕೂದಲಿಗೆ ಕಡ್ಡಿ ತಗುಲಿದೊಡನೆ ರೆಪ್ಪೆ ಮುಚ್ಚಿಕೊಳ್ಳುತ್ತದೆ. ಮರಿ ಹುಟ್ಟುವಾಗಲೇ ಅದರ ಮೂತಿಯಲ್ಲಿ ಮೀಸೆ ಇರುತ್ತದೆ.

ಹಾಗಾದರೆ ಕತ್ತರಿಸುವುದೇಕೆ? ಪಾಶ್ಚಾತ್ಯ ದೇಶಗಳ ಕುದುರೆ ಪ್ರದರ್ಶನಗಳಲ್ಲಿ ಮುಖದ ಗೆರೆಗಳು ಸ್ಪಷ್ಟವಾಗಿ, ಚರ್ಮ ನುಣುಪಾಗಿ ಕಾಣಬೇಕೆಂಬ ಅಭಿರುಚಿ ಬೆಳೆಯಿತು. ಪ್ರದರ್ಶನದ ಮುನ್ನ ಮೀಸೆ ಬೋಳಿಸುವುದು, ಕಿವಿಯೊಳಗಿನ ಕೂದಲು ತೆಗೆಯುವುದು ಒಳ್ಳೆಯ ಆರೈಕೆಯ ಲಕ್ಷಣವೆನಿಸಿತು. ಬೋಳಿಸದೆ ತಂದವನು ಸೋಮಾರಿ ಎನಿಸಿಕೊಂಡ.

ಎಲ್ಲ ಕತ್ತರಿಯೂ ಕೆಟ್ಟದ್ದೆಂದಲ್ಲ. ಕಿವಿಗಳ ಹಿಂದೆ ಕಡಿವಾಣದ ಪಟ್ಟಿ ಹಾಯುವ ಕಡೆ ಒಂದಿಷ್ಟು ಅಯಾಲು ಕತ್ತರಿಸಿದರೆ ಕೂದಲು ಸಿಕ್ಕಾಗುವುದು ತಪ್ಪುತ್ತದೆ. ಚಳಿ ದೇಶಗಳಲ್ಲಿ ದುಡಿಯುವ ಕುದುರೆಯ ಮೈಗೂದಲನ್ನು ಕತ್ತರಿಸುವುದು, ಬೆವರು ನೆನೆದು ಚಳಿ ಹಿಡಿಯಬಾರದೆಂದು. ಇಲ್ಲೆಲ್ಲ ಲಾಭ ಕುದುರೆಗೆ. ಕಿವಿಯೊಳಗಿನ ಕೂದಲಾದರೋ ನೊಣ, ಧೂಳನ್ನು ತಡೆಯುವ ಬಾಗಿಲು. ಅದನ್ನು ತೆಗೆದರೆ ಕುದುರೆಗೆ ನಷ್ಟವೇ.

ಈ ವಿವೇಕ ಹೊಸದೂ ಅಲ್ಲ. ಸುಮಾರು 2,400 ವರ್ಷಗಳ ಹಿಂದೆ ಗ್ರೀಸಿನ ಜೆನೊಫನ್ ಅಶ್ವವಿದ್ಯೆಯ ಬಗ್ಗೆ ಬರೆದ ಗ್ರಂಥದಲ್ಲಿ ಕುದುರೆಯ ಮುಂಗೂದಲಿನ ಪ್ರಸ್ತಾಪವಿದೆ. ಅದು ನೋಟಕ್ಕೆ ಅಡ್ಡಿಯಾಗುವುದಿಲ್ಲ, ಕಣ್ಣಿಗೆ ಕಾಟ ಕೊಡುವವನ್ನು ಝಾಡಿಸುತ್ತದೆ. ಕತ್ತೆಗೆ ಉದ್ದ ಕಿವಿ ಕೊಟ್ಟ ದೇವರು ಕುದುರೆಗೆ ಅದರ ಬದಲು ಈ ಕೂದಲು ಕೊಟ್ಟಿದ್ದಾನೆ ಎಂಬುದು ಅವನ ವಾದ.

ಮೀಸೆ ಬೋಳಿಸುವುದನ್ನು ಜರ್ಮನಿ 1998ರಲ್ಲೇ ನಿಷೇಧಿಸಿತು. 2014ರಲ್ಲಿ ಸ್ವಿಟ್ಜರ್ಲೆಂಡ್ ಅದೇ ದಾರಿ ಹಿಡಿಯಿತು. ಲೋಸಾನ್ ನಗರದಲ್ಲಿ ಕೇಂದ್ರ ಕಚೇರಿಯಿರುವ ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟ ತನ್ನ ನೂರನೆಯ ವರ್ಷವಾದ 2021ರ ಜುಲೈ 1ರಿಂದ ನಿಯಮವನ್ನೇ ಜಾರಿಗೆ ತಂದಿತು: ಸ್ಪರ್ಶದ ಕೂದಲನ್ನು ಕತ್ತರಿಸಿದ, ಬೋಳಿಸಿದ ಅಥವಾ ಬೇರಾವ ರೀತಿಯಲ್ಲಾದರೂ ತೆಗೆದ ಕುದುರೆಗೆ ಸ್ಪರ್ಧೆಯಲ್ಲಿ ಪ್ರವೇಶವಿಲ್ಲ. ನೋವು, ತೊಂದರೆ ತಪ್ಪಿಸಲು ಪಶುವೈದ್ಯರೇ ಕೂದಲು ತೆಗೆದಿದ್ದರೆ ಮಾತ್ರ ವಿನಾಯಿತಿ.

ಅದೇ ತಿಂಗಳ ಕೊನೆಯಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಅಶ್ವಸ್ಪರ್ಧೆಗಳು ಆರಂಭವಾದವು. 20 ವರ್ಷಗಳ ನಂತರ ಒಲಿಂಪಿಕ್ಸ್‌ಗೆ ಹೋದ ಭಾರತದ ಸವಾರ, ಬೆಂಗಳೂರಿನ ಫವಾದ್ ಮಿರ್ಜಾ, ಅಲ್ಲಿ 23ನೆಯ ಸ್ಥಾನ ಪಡೆದರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಡ್ರೆಸಾಜ್‌ನಲ್ಲಿ ಭಾರತ ತಂಡ ಚಿನ್ನ ಗೆದ್ದಿತು. ಕುದುರೆಯ ನಡೆ, ನಿಲುವುಗಳ ಸೊಬಗಿಗೇ ಅಂಕ ಕೊಡುವ ಸ್ಪರ್ಧೆ ಅದು. ಸೊಬಗಿಗೆ ಕ್ಷೌರ ಬೇಕಿಲ್ಲ ಎಂದಂತಾಯಿತು.

ವಿರೋಧದ ವಾದವೂ ಉಂಟು. ಕೂದಲಿನ ಕಡ್ಡಿಯಲ್ಲಿ ನರವಿಲ್ಲ, ಕತ್ತರಿಸಿದರೆ ನೋವಾಗದು, ಮತ್ತೆ ಬೆಳೆಯುತ್ತದೆ, ಬೋಳಿಸಿದ ಕುದುರೆಗಳೂ ಚೆನ್ನಾಗಿಯೇ ಮೇಯುತ್ತವೆ ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ. ಆದರೆ ಪ್ರಶ್ನೆ ನೋವಿನದಲ್ಲ, ಇಂದ್ರಿಯದ್ದು. ಕಣ್ಣಿಗೆ ಪಟ್ಟಿ ಕಟ್ಟಿದರೂ ನೋವಾಗುವುದಿಲ್ಲ. ಹಾಗೆಂದು ಯಾರೂ ಅದನ್ನು ಶೃಂಗಾರ ಎನ್ನುವುದಿಲ್ಲ.

ಕುದುರೆ ಸಾಕುವವರು ನಮ್ಮಲ್ಲೂ ಇದ್ದಾರೆ. ಅವರು ನೆನಪಿಡಬೇಕಾದುದು ಇಷ್ಟೆ: ಕತ್ತರಿ ಎತ್ತಿಕೊಳ್ಳುವ ಮೊದಲು ಈ ಕೂದಲಿನಿಂದ ಕುದುರೆಗೆ ಏನು ಕೆಲಸವಿದೆ, ತೆಗೆದರೆ ಲಾಭ ಯಾರಿಗೆ ಎಂದು ಕೇಳಿಕೊಳ್ಳುವುದು. ಬೆವರು, ಸಿಕ್ಕು, ಗಾಯಗಳಿದ್ದರೆ ಕತ್ತರಿಗೆ ಕಾರಣವಿದೆ. ನೋಡುವವರ ಕಣ್ಣಿಗೆ ಚೆಂದ ಕಾಣಲೆಂದು ಮಾತ್ರವಾದರೆ, ಮೂಗಿನಡಿಯ ಹುಲ್ಲನ್ನು ಕಾಣಲಾರದ ಪ್ರಾಣಿಗೆ ಅದರ ಮೀಸೆಯನ್ನು ಬಿಟ್ಟುಬಿಡುವುದೇ ಒಳ್ಳೆಯದು.