ಪ್ರಾಣಿ ದತ್ತು ಸ್ವೀಕಾರ ಯೋಜನೆ (ಕರ್ನಾಟಕ)

ಪ್ರಾಣಿ ದತ್ತು ಸ್ವೀಕಾರ ಯೋಜನೆಯು ಕರ್ನಾಟಕದ ಮೃಗಾಲಯಗಳಲ್ಲಿರುವ ಪ್ರಾಣಿಪಕ್ಷಿಗಳ ಪಾಲನೆಯ ವೆಚ್ಚವನ್ನು ಸಾರ್ವಜನಿಕರು ನಿಗದಿತ ಅವಧಿಗೆ ವಹಿಸಿಕೊಳ್ಳುವ ವ್ಯವಸ್ಥೆಯಾಗಿದೆ. ಕರ್ನಾಟಕ ಮೃಗಾಲಯ ಪ್ರಾಧಿಕಾರವು ಇದನ್ನು ನಡೆಸುತ್ತದೆ. ಹುಟ್ಟುಹಬ್ಬ, ವಿವಾಹ ವಾರ್ಷಿಕೋತ್ಸವ, ಹಿರಿಯರ ಸ್ಮರಣೆ ಮುಂತಾದ ಸಂದರ್ಭಗಳಲ್ಲಿ ಪ್ರಾಣಿಪ್ರಿಯರಿಗೆ ವಸ್ತುವಿನ ಬದಲು ನೀಡುವ ಉಡುಗೊರೆಯಾಗಿಯೂ ಇದು ಬಳಕೆಯಲ್ಲಿದೆ. ಕಲ್ಯಾಣ ಕರ್ನಾಟಕ ಭಾಗದಲ್ಲಿ ಕಲಬುರಗಿ ನಗರದ ಕಿರು ಮೃಗಾಲಯ ಹಾಗೂ ಹಂಪಿ ಸಮೀಪದ ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಪ್ರಾಣಿ ಉದ್ಯಾನಗಳು ಈ ಪ್ರಾಧಿಕಾರದ ವ್ಯಾಪ್ತಿಗೆ ಬರುತ್ತವೆ.

ಹಿನ್ನೆಲೆ

ರಾಜ್ಯದ ಅತ್ಯಂತ ಹಳೆಯ ಮೃಗಾಲಯವಾದ ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯವು 1892ರಲ್ಲಿ ಸ್ಥಾಪನೆಯಾಯಿತು. ಮೃಗಾಲಯಗಳ ಆಡಳಿತಕ್ಕಾಗಿ 1979ರಲ್ಲಿ ಪ್ರಾಧಿಕಾರವು ರಚನೆಗೊಂಡಿತು. ದತ್ತು ಯೋಜನೆಯು 2001ರಲ್ಲಿ ಮೈಸೂರಿನಲ್ಲಿ ಆರಂಭವಾಗಿ, ಮುಂದೆ ಬನ್ನೇರುಘಟ್ಟ, ಶಿವಮೊಗ್ಗ, ಗದಗ, ಬೆಳಗಾವಿ ಮೊದಲಾದ ಕಡೆಗಳಿಗೆ ವಿಸ್ತರಿಸಿತು.

ಮೃಗಾಲಯಗಳ ಮುಖ್ಯ ಆದಾಯ ಮೂಲ ಪ್ರವೇಶ ಶುಲ್ಕ. ಪ್ರೇಕ್ಷಕರು ಬಾರದ ದಿನಗಳಲ್ಲಿ ಈ ಆದಾಯ ನಿಂತುಹೋಗುತ್ತದೆ. ಆದರೆ ಆಹಾರ, ಔಷಧಿ ಮತ್ತು ಪಾಲಕರ ವೇತನದ ವೆಚ್ಚಗಳು ನಿಲ್ಲುವುದಿಲ್ಲ. 2017ರ ಜನವರಿಯಲ್ಲಿ ಹಕ್ಕಿಜ್ವರದ ಕಾರಣ ಮೈಸೂರು ಮೃಗಾಲಯವನ್ನು ಸುಮಾರು ಒಂದು ತಿಂಗಳು ಮುಚ್ಚಲಾಗಿತ್ತು. ಕೋವಿಡ್-19 ಕಾಲದಲ್ಲಿ, 2020ರಲ್ಲಿಯೂ 2021ರಲ್ಲಿಯೂ, ರಾಜ್ಯದ ಎಲ್ಲ ಮೃಗಾಲಯಗಳು ಮುಚ್ಚಿದ್ದವು. 2021ರ ಜೂನ್‌ನಲ್ಲಿ ಚಲನಚಿತ್ರ ನಟ ದರ್ಶನ್ ಅವರು ಪ್ರಾಣಿಗಳನ್ನು ದತ್ತು ಪಡೆಯುವಂತೆ ಮನವಿ ಮಾಡಿದ ನಂತರ ಸಾರ್ವಜನಿಕರಿಂದ ದೊಡ್ಡ ಪ್ರಮಾಣದ ಸ್ಪಂದನೆ ದೊರೆಯಿತು. ಅಭಿಮಾನಿಗಳಲ್ಲಿ ಅನೇಕರು ಸಣ್ಣ ಮೊತ್ತದ ಹಕ್ಕಿಗಳನ್ನು ದತ್ತು ಪಡೆದು ಪ್ರಮಾಣಪತ್ರಗಳನ್ನು ಸಾಮಾಜಿಕ ಮಾಧ್ಯಮಗಳಲ್ಲಿ ಹಂಚಿಕೊಂಡರು.

ವಿಧಾನ

ದತ್ತು ಪಡೆಯಲು ಬಯಸುವವರು ಮೃಗಾಲಯದ ಕಚೇರಿಯಲ್ಲಿ ಅಥವಾ ಪ್ರಾಧಿಕಾರದ ಜಾಲತಾಣ ಮತ್ತು 'ಝೂಸ್ ಆಫ್ ಕರ್ನಾಟಕ' ಆ್ಯಪ್ ಮೂಲಕ ಹಣ ಪಾವತಿಸಬಹುದು. ಅವಧಿ ಸಾಮಾನ್ಯವಾಗಿ ಒಂದು ವರ್ಷವಾಗಿದ್ದು, ನವೀಕರಣಕ್ಕೆ ಅವಕಾಶವಿದೆ. ಮೊತ್ತವು ಪ್ರಾಣಿಯ ಗಾತ್ರ ಮತ್ತು ಆಹಾರವನ್ನು ಅವಲಂಬಿಸಿರುತ್ತದೆ. 2021ರ ದರದಂತೆ ಲವ್ ಬರ್ಡ್ಸ್ ಹಕ್ಕಿಗೆ ವರ್ಷಕ್ಕೆ 1,000 ರೂಪಾಯಿ, ಹುಲಿಗೆ 1 ಲಕ್ಷ ರೂಪಾಯಿ, ಆನೆಗೆ 1.75 ಲಕ್ಷ ರೂಪಾಯಿ ನಿಗದಿಯಾಗಿತ್ತು. ಹೀಗಾಗಿ ವಿದ್ಯಾರ್ಥಿಯೊಬ್ಬ ಉಳಿಸಿದ ಕೈಖರ್ಚಿನ ಹಣದಿಂದ ಹಿಡಿದು ಸಂಸ್ಥೆಗಳ ದೇಣಿಗೆಯವರೆಗೆ ಎಲ್ಲಕ್ಕೂ ಇದರಲ್ಲಿ ಸ್ಥಾನವಿದೆ.

ದತ್ತು ಪಡೆದವರಿಗೆ ಪ್ರಮಾಣಪತ್ರ ನೀಡಿ, ಅವರ ಹೆಸರನ್ನು ಮೃಗಾಲಯದ ಫಲಕದಲ್ಲಿ ಪ್ರದರ್ಶಿಸಲಾಗುತ್ತದೆ. ಮೊತ್ತಕ್ಕೆ ಅನುಗುಣವಾಗಿ ಉಚಿತ ಪ್ರವೇಶದ ಸೌಲಭ್ಯವೂ ಇರುತ್ತದೆ. ಇಂತಹ ದೇಣಿಗೆಗೆ 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಮಿನ ಅಡಿಯಲ್ಲಿ ವಿನಾಯಿತಿ ನೀಡಲಾಗಿತ್ತು.

ಇಲ್ಲಿ 'ದತ್ತು' ಎಂಬ ಪದವು ಒಡೆತನವನ್ನು ಸೂಚಿಸುವುದಿಲ್ಲ. ಪ್ರಾಣಿಯು ಮೃಗಾಲಯದಲ್ಲಿಯೇ ಉಳಿಯುತ್ತದೆ. ಅದನ್ನು ಮುಟ್ಟುವ, ಎತ್ತಿಕೊಳ್ಳುವ ಅಥವಾ ಮನೆಗೆ ಒಯ್ಯುವ ಹಕ್ಕು ದತ್ತುದಾರರಿಗೆ ದೊರೆಯುವುದಿಲ್ಲ.

ಕಲಬುರಗಿ

ಕಲಬುರಗಿ ನಗರದ ಸಾರ್ವಜನಿಕ ಉದ್ಯಾನದ ಆವರಣದಲ್ಲಿ ಕಿರು ಮೃಗಾಲಯವಿದೆ. ಕೇಂದ್ರ ಮೃಗಾಲಯ ಪ್ರಾಧಿಕಾರವು ಮೃಗಾಲಯಗಳನ್ನು ದೊಡ್ಡ, ಮಧ್ಯಮ, ಸಣ್ಣ ಮತ್ತು ಕಿರು ಎಂದು ನಾಲ್ಕು ವರ್ಗಗಳಾಗಿ ವಿಂಗಡಿಸುತ್ತದೆ. ನಗರದ ನಡುವೆ ಸ್ಥಳದ ಕೊರತೆ ಇರುವುದರಿಂದ ಜಿಲ್ಲೆಯ ಮಾಡಬೂಳ ಬಳಿ ವಿಸ್ತಾರವಾದ ಮೃಗಾಲಯವನ್ನು ನಿರ್ಮಿಸುವ ಯೋಜನೆಯನ್ನು ರೂಪಿಸಲಾಯಿತು.

ಕಲಬುರಗಿಯಲ್ಲಿ ಬೇಸಿಗೆಯ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಬಯಲುಸೀಮೆಯ ಮೃಗಾಲಯಗಳಲ್ಲಿ ಈ ಅವಧಿಯಲ್ಲಿ ಆವರಣಗಳಿಗೆ ನೀರು ಸಿಂಪಡಿಸುವುದು, ನೆರಳಿನ ಚಪ್ಪರ ಹಾಕುವುದು, ಕಲ್ಲಂಗಡಿಯಂತಹ ನೀರಿನಂಶವುಳ್ಳ ಹಣ್ಣುಗಳನ್ನು ನೀಡುವುದು ರೂಢಿ. ದೈನಂದಿನ ಆಹಾರದ ವೆಚ್ಚದೊಂದಿಗೆ ಇಂತಹ ಋತುಮಾನದ ವೆಚ್ಚವೂ ಸೇರುವುದರಿಂದ, ಪ್ರೇಕ್ಷಕರ ಸಂಖ್ಯೆ ಕಡಿಮೆ ಇರುವ ಕಿರು ಮೃಗಾಲಯಕ್ಕೆ ಸಣ್ಣ ಮೊತ್ತದ ದತ್ತು ಕೂಡ ಉಪಯುಕ್ತವಾಗುತ್ತದೆ.

ಕಮಲಾಪುರ

ಅಟಲ್ ಬಿಹಾರಿ ವಾಜಪೇಯಿ ಪ್ರಾಣಿ ಉದ್ಯಾನವು ವಿಜಯನಗರ ಜಿಲ್ಲೆಯ ಹೊಸಪೇಟೆ ತಾಲ್ಲೂಕಿನ ಕಮಲಾಪುರದ ಬಳಿ, ಬಿಳಿಕಲ್ಲು ಅರಣ್ಯದಲ್ಲಿದೆ. ಈ ಊರು ಕೆಂಪು ಬಾಳೆಹಣ್ಣಿಗೆ ಹೆಸರಾದ, ಕಲಬುರಗಿ ಜಿಲ್ಲೆಯ ತಾಲ್ಲೂಕು ಕೇಂದ್ರವಾದ ಕಮಲಾಪುರಕ್ಕಿಂತ ಬೇರೆ. ಉದ್ಯಾನವು 2017ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಬಳ್ಳಾರಿ ನಗರದ ಹಳೆಯ ಕಿರು ಮೃಗಾಲಯದ ಪ್ರಾಣಿಗಳನ್ನು ಇಲ್ಲಿಗೆ ಸ್ಥಳಾಂತರಿಸಲಾಯಿತು. ಹುಲಿ, ಸಿಂಹ ಮತ್ತು ಸಸ್ಯಾಹಾರಿ ಪ್ರಾಣಿಗಳ ಸಫಾರಿಗಳು ಇಲ್ಲಿನ ಮುಖ್ಯ ಆಕರ್ಷಣೆಗಳು. ಸಫಾರಿಯಲ್ಲಿ ಪ್ರೇಕ್ಷಕರು ವಾಹನದೊಳಗಿದ್ದು, ಪ್ರಾಣಿಗಳು ವಿಶಾಲ ಆವರಣದಲ್ಲಿ ಸಂಚರಿಸುತ್ತವೆ.

ಇದಕ್ಕೆ ಸಮೀಪದಲ್ಲಿ 1994ರಲ್ಲಿ ಘೋಷಿತವಾದ ದರೋಜಿ ಕರಡಿಧಾಮವಿದೆ. ಇಲ್ಲಿ ಅರಣ್ಯ ಸಿಬ್ಬಂದಿ ಬಂಡೆಗಳ ಮೇಲೆ ಬೆಲ್ಲ ಮೊದಲಾದವುಗಳ ಪಾಕವನ್ನು ಸವರುತ್ತಾರೆ. ಮಧ್ಯಾಹ್ನದ ನಂತರ ಗುಹೆಗಳಿಂದ ಹೊರಬರುವ ಕರಡಿಗಳನ್ನು ಪ್ರವಾಸಿಗರು ದೂರದ ವೀಕ್ಷಣಾ ಗೋಪುರದಿಂದ ನೋಡಬಹುದು. ದತ್ತು ಪ್ರಮಾಣಪತ್ರದೊಂದಿಗೆ ಇಂತಹ ಭೇಟಿಯನ್ನು ಸೇರಿಸಿದಾಗ ಉಡುಗೊರೆಯು ಪ್ರತ್ಯಕ್ಷ ಅನುಭವವೂ ಆಗುತ್ತದೆ.

ಕಾನೂನಿನ ಚೌಕಟ್ಟು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಮೃಗಾಲಯದ ಪ್ರಾಣಿಗಳನ್ನು ಕೆಣಕುವುದನ್ನು, ಅವುಗಳಿಗೆ ಆಹಾರ ಹಾಕುವುದನ್ನು ಮತ್ತು ಗದ್ದಲದಿಂದ ತೊಂದರೆ ಕೊಡುವುದನ್ನು ನಿಷೇಧಿಸುತ್ತದೆ. ದತ್ತುದಾರರಿಗೂ ಇದು ಅನ್ವಯಿಸುತ್ತದೆ. ಮಕ್ಕಳಿಗೆ ಉಡುಗೊರೆಯೆಂದು ಗಿಳಿಯನ್ನೋ ನಕ್ಷತ್ರ ಆಮೆಯನ್ನೋ ಕೊಂಡುತರುವ ಪದ್ಧತಿ ಕೆಲವೆಡೆ ಕಂಡುಬರುತ್ತದೆ. ನಮ್ಮ ದೇಶದ ಗಿಳಿಗಳೂ ನಕ್ಷತ್ರ ಆಮೆಯೂ ಈ ಕಾಯ್ದೆಯ ರಕ್ಷಣೆ ಪಡೆದಿರುವುದರಿಂದ ಅವುಗಳನ್ನು ಮಾರುವುದು, ಕೊಳ್ಳುವುದು ಮತ್ತು ಮನೆಯಲ್ಲಿ ಸಾಕುವುದು ಅಪರಾಧ. ಪ್ರಾಣಿಯನ್ನೇ ಕೊಡುವ ಬದಲು ಅದರ ಪಾಲನೆಯ ಹೊಣೆಯನ್ನು ಕೊಡುವ ದತ್ತು ಯೋಜನೆಯು ಇದಕ್ಕೆ ಕಾನೂನುಬದ್ಧ ಪರ್ಯಾಯವಾಗಿದೆ.

ಮಿತಿಗಳು

ಆನೆ, ಹುಲಿ, ಸಿಂಹಗಳಂತಹ ಪ್ರಸಿದ್ಧ ಪ್ರಾಣಿಗಳತ್ತ ಜನರ ಗಮನ ಸಹಜವಾಗಿಯೇ ಹೆಚ್ಚು. ನರಿ, ಕತ್ತೆಕಿರುಬ, ಹಾವು, ಆಮೆಗಳಿಗೂ ಆಹಾರ ಮತ್ತು ಚಿಕಿತ್ಸೆ ಅಷ್ಟೇ ಅಗತ್ಯ. ಯೋಜನೆಯು ಪಾಲನೆಯ ವೆಚ್ಚವನ್ನು ಭಾಗಶಃ ಭರಿಸಬಲ್ಲದೇ ಹೊರತು, ಆವರಣಗಳ ವಿಸ್ತರಣೆ ಮತ್ತು ಕಾಡಿನಲ್ಲಿ ನಡೆಯಬೇಕಾದ ಸಂರಕ್ಷಣೆಗೆ ಬದಲಿಯಾಗಲಾರದು. ಒಂದು ವರ್ಷದ ಅವಧಿ ಮುಗಿದ ನಂತರವೂ ಪ್ರಾಣಿಯ ಆಹಾರದ ವೆಚ್ಚ ಮುಂದುವರಿಯುವುದರಿಂದ, ಮೃಗಾಲಯಗಳ ದೃಷ್ಟಿಯಿಂದ ಹೊಸ ದತ್ತುಗಳಷ್ಟೇ ಹಳೆಯ ದತ್ತುಗಳ ನವೀಕರಣವೂ ಮುಖ್ಯವಾಗಿದೆ.