ಎಳೆಯುವ ಬಲವೊಂದೇ ಸಾಲದು: ಸಣ್ಣ ಪಿಕಪ್ ಮತ್ತು ಪ್ರವಾಸಿ ಟ್ರೇಲರ್‌ನ ತೂಕದ ಲೆಕ್ಕ

ಹಾಸಿಗೆ, ಒಲೆ, ನೀರಿನ ತೊಟ್ಟಿಗಳನ್ನು ಒಳಗೊಂಡಿದ್ದರೂ ಸ್ವಂತ ಎಂಜಿನ್ ಇಲ್ಲದೆ ಇನ್ನೊಂದು ವಾಹನದ ಹಿಂದೆ ಸಾಗುವ ಗಾಲಿಮನೆಯನ್ನು ಉತ್ತರ ಅಮೆರಿಕದಲ್ಲಿ ಟ್ರಾವೆಲ್ ಟ್ರೇಲರ್ ಎಂದು ಕರೆಯುತ್ತಾರೆ. ವಾಲಿ ಬಯಮ್ ಸ್ಥಾಪಿಸಿದ ಏರ್‌ಸ್ಟ್ರೀಮ್ ಕಂಪನಿ 1936ರಲ್ಲಿ ಹೊರತಂದ ಅಲ್ಯೂಮಿನಿಯಂ ಮೈಯ ‘ಕ್ಲಿಪ್ಪರ್’ ಈ ಬಗೆಯ ಪ್ರವಾಸಕ್ಕೆ ದೊಡ್ಡ ಹೆಸರು ತಂದುಕೊಟ್ಟಿತು; 1968ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ರೂಪುಗೊಂಡ ‘ಬೋಲರ್’ ಎಂಬ ಹದಿಮೂರು ಅಡಿಯ ಫೈಬರ್‌ಗ್ಲಾಸ್ ಟ್ರೇಲರ್, ಖಾಲಿಯಿದ್ದಾಗ ಐನೂರು ಕಿಲೋಗ್ರಾಂಗಿಂತ ಕಡಿಮೆ ತೂಗುತ್ತಿದ್ದುದರಿಂದ, ಸಾಧಾರಣ ಕಾರು ಇದ್ದವರಿಗೂ ಅದನ್ನು ಎಟುಕುವಂತೆ ಮಾಡಿತು. ಇಂದು ಆ ಸಾಧಾರಣ ಕಾರಿನ ಜಾಗಕ್ಕೆ ಸಣ್ಣ ಪಿಕಪ್ ಬಂದಿದೆ. ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ ಅದು ಎಷ್ಟು ತೂಕ ಎಳೆಯುತ್ತದೆ ಎಂಬುದಾದರೂ, ಪ್ರಯಾಣದ ಸುರಕ್ಷೆಯನ್ನು ನಿರ್ಧರಿಸುವುದು ಅದು ಎಷ್ಟು ಹೊರುತ್ತದೆ, ಎಷ್ಟು ಸ್ಥಿರವಾಗಿ ಓಡುತ್ತದೆ ಮತ್ತು ಹೇಗೆ ನಿಲ್ಲುತ್ತದೆ ಎಂಬ ಮೂರು ಸಂಗತಿಗಳು.

ಎಳೆಯುವ ಸಾಮರ್ಥ್ಯದ ಅಂಕಿ ಹೇಗೆ ಹುಟ್ಟುತ್ತದೆ ಎಂಬುದನ್ನು ತಿಳಿದರೆ ಅದರ ಮಿತಿಯೂ ತಿಳಿಯುತ್ತದೆ. ಹಿಂದೆ ಪ್ರತಿಯೊಂದು ಕಂಪನಿಯೂ ತನ್ನದೇ ಅಳತೆಗೋಲಿನಿಂದ ಈ ಅಂಕಿಯನ್ನು ಪ್ರಕಟಿಸುತ್ತಿತ್ತು. ವಾಹನ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇ 2008ರಲ್ಲಿ ‘ಜೆ 2807’ ಎಂಬ ಮಾನದಂಡವನ್ನು ರೂಪಿಸಿದ ಮೇಲೆ ಪರೀಕ್ಷೆಗೆ ಒಂದು ಸಮಾನ ನೆಲೆ ದೊರೆಯಿತು. ಅದರ ಪ್ರಸಿದ್ಧ ಭಾಗ ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ ಸುಮಾರು 18 ಕಿಲೋಮೀಟರ್ ಉದ್ದದ ಏರುದಾರಿಗೆ ಸಂಬಂಧಿಸಿದ್ದು. ಸುಡುಬಿಸಿಲಿನ ಆ ಏರಿನಲ್ಲಿ ಹವಾನಿಯಂತ್ರಣವನ್ನು ಪೂರ್ಣವಾಗಿ ಚಾಲೂ ಇಟ್ಟು, ಹೊರೆಯೊಂದಿಗೆ ಗಂಟೆಗೆ 64 ಕಿಲೋಮೀಟರ್‌ಗಿಂತ ಕೆಳಗಿಳಿಯದೆ, ಎಂಜಿನ್ ಕಾಯ್ದು ಕೆಡದೆ ಮೇಲೇರಬೇಕು. ಆದರೆ ಈ ಮಾನದಂಡ ಪಿಕಪ್‌ನಲ್ಲಿ ತಲಾ 68 ಕಿಲೋಗ್ರಾಂ ತೂಕದ ಚಾಲಕ ಮತ್ತು ಒಬ್ಬ ಸಹಪ್ರಯಾಣಿಕ ಮಾತ್ರ ಇದ್ದಾರೆಂದು ಎಣಿಸುತ್ತದೆಯೇ ಹೊರತು, ಮಕ್ಕಳು ಮರಿ, ಸೈಕಲ್ಲು, ಸೌದೆ ಸಮೇತ ಹೊರಟ ಸಂಸಾರವನ್ನಲ್ಲ.

ಇಲ್ಲಿಯೇ ‘ಪೇಲೋಡ್’ ಎಂಬ ಎರಡನೆಯ ಅಂಕಿ ಮುಖ್ಯವಾಗುತ್ತದೆ. ವಾಹನ ತನ್ನ ಮೈಮೇಲೆ ಹೊರಬಹುದಾದ ಜನರ ಮತ್ತು ಸರಕಿನ ಒಟ್ಟು ತೂಕವೇ ಪೇಲೋಡ್. ಅಮೆರಿಕದಲ್ಲಿ ಮಾರಾಟವಾಗುವ ಪ್ರತಿ ಪಿಕಪ್‌ನ ಚಾಲಕನ ಬಾಗಿಲಿನ ಚೌಕಟ್ಟಿನ ಮೇಲೆ ಅದನ್ನು ಮುದ್ರಿಸಿದ ಚೀಟಿ ಇರುತ್ತದೆ. 2022ರ ಮಾದರಿಯಾಗಿ ಬಂದ ಫೋರ್ಡ್ ಮ್ಯಾವರಿಕ್ ಎಂಬ ಸಣ್ಣ ಪಿಕಪ್, ಎಳೆಯುವ ವಿಶೇಷ ಸಲಕರಣೆಗಳಿದ್ದರೆ 4,000 ಪೌಂಡ್, ಅಂದರೆ ಸುಮಾರು 1,814 ಕಿಲೋಗ್ರಾಂ ಎಳೆಯಬಲ್ಲದೆಂದು ಕಂಪನಿ ಹೇಳಿತು. ಅವು ಇಲ್ಲದಿದ್ದರೆ ಆ ಮಿತಿ ಅರ್ಧಕ್ಕೆ ಇಳಿಯುತ್ತದೆ. ಇಂಥದೊಂದು ವಾಹನದ ಬಾಗಿಲ ಚೀಟಿಯಲ್ಲಿ 600 ಕಿಲೋ ಎಂದಿದೆ ಎಂದುಕೊಳ್ಳೋಣ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗ ದಂಪತಿ, ಬೇಸಿಗೆಗೆ ಊರಿನಿಂದ ಬಂದ ತಂದೆತಾಯಿಯರನ್ನು ಕೂರಿಸಿಕೊಂಡು ಹೊರಟರೆ ನಾಲ್ವರ ತೂಕವೇ 290 ಕಿಲೋ ಆಗಬಹುದು. ಹಿಂಬದಿಯ ತೊಟ್ಟಿಯಲ್ಲಿ 150 ಕಿಲೋ ಸಾಮಾನು, ಟ್ರೇಲರ್ ಜೋಡಿಸುವ ಕಬ್ಬಿಣದ ಕೊಂಡಿ 20 ಕಿಲೋ ಎಂದರೆ ಉಳಿಯುವುದು 140 ಕಿಲೋ ಮಾತ್ರ. ಟ್ರೇಲರ್ ತನ್ನ ಒಟ್ಟು ತೂಕದ ಒಂದು ಪಾಲನ್ನು ಪಿಕಪ್‌ನ ಬೆನ್ನಿನ ಮೇಲೆ ಹೊರಿಸುತ್ತದೆ. 1,600 ಕಿಲೋ ತೂಕದ ಟ್ರೇಲರ್‌ನಲ್ಲಿ ಈ ಪಾಲು ಕನಿಷ್ಠವೆಂದರೂ 160 ಕಿಲೋ. ಹೀಗೆ ಎಳೆಯುವ ಮಿತಿಗೆ ಇನ್ನೂ ಇನ್ನೂರು ಕಿಲೋ ಬಾಕಿಯಿರುವಾಗಲೇ ಹೊರುವ ಮಿತಿ ಮೀರಿಹೋಗಿರುತ್ತದೆ, ಮತ್ತು ಜಾಹೀರಾತಿನ ದೊಡ್ಡ ಅಂಕಿಯನ್ನು ಮಾತ್ರ ನೋಡಿದವರಿಗೆ ಇದು ತಿಳಿಯುವುದೇ ಇಲ್ಲ.

ಟ್ರೇಲರ್‌ನ ಮುಂತುದಿ ಕೊಂಡಿಯ ಗುಂಡಿನ ಮೇಲೆ ಕೆಳಮುಖವಾಗಿ ಹೇರುವ ಈ ತೂಕಕ್ಕೆ ‘ಟಂಗ್ ವೇಟ್’ ಎಂಬ ಹೆಸರಿದೆ. ಎತ್ತಿನ ಗಾಡಿಗೆ ಹೇರು ತುಂಬುವ ರೈತ ಮೂಕಿಯ ಭಾರವನ್ನು ಗಮನಿಸುವುದೂ ಇದೇ ಕಾರಣಕ್ಕೆ: ಮುಂಭಾರವಾದರೆ ಎತ್ತುಗಳ ಹೆಗಲು ಜಗ್ಗುತ್ತದೆ, ಹಿಂಭಾರವಾದರೆ ಮೂಕಿ ಮೇಲೇಳುತ್ತದೆ. ಉತ್ತರ ಅಮೆರಿಕದ ರೂಢಿಯಲ್ಲಿ ಈ ಭಾರ ಟ್ರೇಲರ್‌ನ ಒಟ್ಟು ತೂಕದ ಶೇ. 10ರಿಂದ 15ರಷ್ಟಿರಬೇಕು. ಅದು ಹೆಚ್ಚಾದರೆ ಪಿಕಪ್‌ನ ಹಿಂಭಾಗ ಕುಸಿದು, ಮುಂದಿನ ಚಕ್ರಗಳು ಹಗುರಾಗಿ, ಸ್ಟೀರಿಂಗ್ ಮತ್ತು ಬ್ರೇಕಿನ ಹಿಡಿತ ತಗ್ಗುತ್ತದೆ. ಕಡಿಮೆಯಾದರೆ ಇನ್ನೂ ದೊಡ್ಡ ಅಪಾಯ ಎದುರಾಗುತ್ತದೆ: ಅಡ್ಡಗಾಳಿಯ ಹೊಡೆತಕ್ಕೋ, ಪಕ್ಕದಲ್ಲಿ ಹಾದುಹೋಗುವ ಲಾರಿಯ ಸೆಳೆತಕ್ಕೋ ಟ್ರೇಲರ್‌ನ ಬಾಲ ಒಮ್ಮೆ ಓಲಾಡಿದರೆ ಆ ಓಲಾಟ ತಾನಾಗಿ ಅಡಗದೆ ಪಿಕಪ್‌ನ ಹಿಂಭಾಗವನ್ನು ಎಡಕ್ಕೂ ಬಲಕ್ಕೂ ನೂಕತೊಡಗುತ್ತದೆ. ವೇಗ ಹೆಚ್ಚಿದಂತೆ ಈ ಓಲಾಟವನ್ನು ಅಡಗಿಸುವ ಸಹಜ ಗುಣ ಕುಗ್ಗುತ್ತ ಹೋಗಿ, ಒಂದು ಮಿತಿ ದಾಟಿದ ಮೇಲೆ ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಮೈತೂಕ ಕಡಿಮೆಯಿರುವ, ಗಾಲಿಗಳ ನಡುವಿನ ಅಂತರ ಚಿಕ್ಕದಾದ ಪಿಕಪ್‌ಗೆ ಅದನ್ನು ತಡೆದುಕೊಳ್ಳುವ ಶಕ್ತಿಯೂ ಕಡಿಮೆ. ಪೇಲೋಡ್ ಮೀರಿತೆಂದು ಟ್ರೇಲರ್‌ನೊಳಗಿನ ಸಾಮಾನನ್ನು ಹಿಂದಕ್ಕೆ ಸರಿಸಿ ಮುಂತುದಿಯ ಭಾರ ತಗ್ಗಿಸುವುದು ಆದ್ದರಿಂದ ಪರಿಹಾರವಲ್ಲ. ಅದು ಒಂದು ದೋಷವನ್ನು ಮುಚ್ಚಲು ಹೋಗಿ ಹೆಚ್ಚಿನ ಅನಾಹುತವನ್ನು ಬರಮಾಡಿಕೊಂಡಂತೆ. ನೀರಿನ ತೊಟ್ಟಿಯನ್ನೂ ಮರೆಯುವಂತಿಲ್ಲ, ಏಕೆಂದರೆ ಹಿಂಭಾಗದಲ್ಲಿರುವ ತೊಟ್ಟಿಗೆ ಎಂಬತ್ತು ಲೀಟರ್ ತುಂಬಿಸಿದರೆ ಅಲ್ಲಿ ಎಂಬತ್ತು ಕಿಲೋ ಕೂರಿಸಿದಂತೆಯೇ ಆಗುತ್ತದೆ.

ಓಲಾಟ ಶುರುವಾದಾಗ ಗಾಬರಿಯಿಂದ ಸ್ಟೀರಿಂಗ್ ತಿರುಗಿಸುವುದಾಗಲಿ, ಪಿಕಪ್‌ನ ಬ್ರೇಕನ್ನು ಜೋರಾಗಿ ತುಳಿಯುವುದಾಗಲಿ ಸಲ್ಲದು. ಸ್ಟೀರಿಂಗನ್ನು ನೇರವಾಗಿ ಹಿಡಿದು, ವೇಗವರ್ಧಕದಿಂದ ಕಾಲು ತೆಗೆದು, ಟ್ರೇಲರ್‌ನ ಬ್ರೇಕನ್ನಷ್ಟೇ ಕೈಯಿಂದ ಹಾಕಿದರೆ ಅದು ಹಿಂದಕ್ಕೆ ಜಗ್ಗಿ ಜೋಡಿಯನ್ನು ಮತ್ತೆ ಒಂದು ಸಾಲಿಗೆ ತರುತ್ತದೆ. ಇದಕ್ಕೆ ಬೇಕಾದ ಸಾಧನವೇ ಬ್ರೇಕ್ ಕಂಟ್ರೋಲರ್. ಚಾಲಕನ ಕೈಗೆಟುಕುವಂತೆ ಕೂರಿಸುವ ಈ ಪೆಟ್ಟಿಗೆ ಟ್ರೇಲರ್‌ನ ವಿದ್ಯುತ್ ಬ್ರೇಕುಗಳಿಗೆ ಎಷ್ಟು ಪ್ರವಾಹ ಹರಿಯಬೇಕೆಂದು ನಿಯಂತ್ರಿಸುತ್ತದೆ. ಅಮೆರಿಕದ ಹಲವು ರಾಜ್ಯಗಳು 3,000 ಪೌಂಡ್ ಮೀರಿದ ಟ್ರೇಲರ್‌ಗೆ ಪ್ರತ್ಯೇಕ ಬ್ರೇಕು ಕಡ್ಡಾಯವೆಂದರೆ, ಕ್ಯಾಲಿಫೋರ್ನಿಯ ಈ ಮಿತಿಯನ್ನು 1,500 ಪೌಂಡ್‌ಗೇ ಇರಿಸಿದೆ. ಕೊಂಡಿ ಕಳಚಿದರೆ ಟ್ರೇಲರ್‌ನ ಮೂತಿ ನೆಲಕ್ಕೆ ಬಡಿಯದಂತೆ ಅಡ್ಡಡ್ಡ ಬಿಗಿಯುವ ಎರಡು ಸರಪಳಿಗಳು, ಸಂಪರ್ಕ ಪೂರ್ತಿ ಕಡಿದಾಗ ತಾನಾಗಿ ಬ್ರೇಕು ಹಾಕುವ ಬ್ರೇಕ್‌ಅವೇ ಸ್ವಿಚ್, ಇವು ಕೊನೆಯ ರಕ್ಷಣೆಗಳು.

ಗಾಳಿ ಮತ್ತು ಏರುದಾರಿಗಳು ಎಂಜಿನ್ನಿಗೆ ಬೇರೆಯದೇ ಪರೀಕ್ಷೆ ಒಡ್ಡುತ್ತವೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ ಗಂಟೆಗೆ 88 ಕಿಲೋಮೀಟರ್‌ನಿಂದ 104ಕ್ಕೆ ಏರಿದರೆ ತಡೆ ಸುಮಾರು ಶೇ. 40ರಷ್ಟು ಹೆಚ್ಚುತ್ತದೆ, ತೂಕ ಕಡಿಮೆಯಿದ್ದರೂ ಎದುರುಮೈ ಎತ್ತರ ಮತ್ತು ಅಗಲವಾಗಿರುವ ಟ್ರೇಲರ್ ಸಣ್ಣ ಎಂಜಿನ್ನನ್ನು ದಣಿಸುವುದು ಇದರಿಂದಲೇ. ಟ್ರೇಲರ್ ಎಳೆಯುವ ವಾಹನಗಳಿಗೆ ಕ್ಯಾಲಿಫೋರ್ನಿಯ ವಿಧಿಸಿರುವ ಗಂಟೆಗೆ 55 ಮೈಲಿ, ಅಂದರೆ 88 ಕಿಲೋಮೀಟರ್‌ನ ಮಿತಿ ಈ ದೃಷ್ಟಿಯಿಂದಲೂ ವಿವೇಕದ್ದು. ಕೊಲರಾಡೊದ ಐಸೆನ್‌ಹೋವರ್ ಸುರಂಗದ ದಾರಿ ಸುಮಾರು 3,400 ಮೀಟರ್ ಎತ್ತರಕ್ಕೆ ಏರುತ್ತದೆ. ಅಲ್ಲಿನ ತೆಳುಗಾಳಿಯಲ್ಲಿ ಟರ್ಬೊ ಇಲ್ಲದ ಎಂಜಿನ್ ತನ್ನ ಶಕ್ತಿಯ ಸುಮಾರು ಮೂರನೆಯ ಒಂದು ಭಾಗವನ್ನು ಕಳೆದುಕೊಳ್ಳುತ್ತದೆ. ಇಳಿಜಾರಿನಲ್ಲಿ ಬ್ರೇಕನ್ನೇ ಸತತವಾಗಿ ಒತ್ತಿದರೆ ಅದು ಕಾಯ್ದು ಹಿಡಿತ ಕಳೆದುಕೊಳ್ಳುವುದರಿಂದ, ಇಳಿಯುವ ಮುನ್ನವೇ ಕೆಳಗಿನ ಗೇರಿಗೆ ಬಂದು ಎಂಜಿನ್ನಿನಿಂದಲೇ ವೇಗ ತಡೆಯುವುದು ಅನುಭವಿಗಳ ಕ್ರಮ.

ಇಷ್ಟೆಲ್ಲ ಲೆಕ್ಕವನ್ನು ಊಹೆಗೆ ಬಿಡಬೇಕಾಗಿಲ್ಲ. ಅಮೆರಿಕದ ಹೆದ್ದಾರಿಗಳ ಲಾರಿ ನಿಲ್ದಾಣಗಳಲ್ಲಿರುವ ತೂಕದ ಕಟ್ಟೆಗಳು ಅಲ್ಪ ಶುಲ್ಕಕ್ಕೆ ಪ್ರತಿ ಅಚ್ಚಿನ ಮೇಲಿನ ಭಾರವನ್ನು ಬೇರೆಬೇರೆಯಾಗಿ ಮುದ್ರಿಸಿಕೊಡುತ್ತವೆ. ಜನ, ಸಾಮಾನು ತುಂಬಿದ ಪಿಕಪ್ಪನ್ನು ಒಮ್ಮೆ ಒಂಟಿಯಾಗಿ, ಇನ್ನೊಮ್ಮೆ ಟ್ರೇಲರ್ ಜೋಡಿಸಿ ತೂಗಿದರೆ, ಪಿಕಪ್‌ನ ಎರಡು ಅಚ್ಚುಗಳ ಮೇಲೆ ಹೆಚ್ಚಿದ ಭಾರವೇ ಟಂಗ್ ವೇಟ್. ಹಿಂದಿನ ಅಚ್ಚಿನ ಮೇಲೆ ಬಿದ್ದ ಭಾರದ ಒಂದು ಪಾಲನ್ನು ಕಬ್ಬಿಣದ ಸಲಾಕೆಗಳ ಬಿಗಿತದಿಂದ ಮುಂದಿನ ಅಚ್ಚಿಗೂ ಟ್ರೇಲರ್‌ನ ಅಚ್ಚಿಗೂ ಹಂಚುವ ‘ವೇಟ್ ಡಿಸ್ಟ್ರಿಬ್ಯೂಷನ್ ಹಿಚ್’ ಎಂಬ ಕೊಂಡಿ ಇದೆಯಾದರೂ, ಅದು ಬಾಗಿಲ ಚೀಟಿಯ ಮಿತಿಯನ್ನು ಹೆಚ್ಚಿಸುವುದಿಲ್ಲ. ಅದನ್ನು ಬಳಸಬಹುದೇ ಎಂಬುದನ್ನು ವಾಹನದ ಕೈಪಿಡಿಯೇ ಹೇಳಬೇಕು.

ಸಣ್ಣ ಪಿಕಪ್ ಟ್ರೇಲರ್ ಎಳೆಯಲು ಯೋಗ್ಯವಲ್ಲವೆಂಬುದು ಈ ಲೆಕ್ಕದ ತಾತ್ಪರ್ಯವಲ್ಲ. ಟ್ರೇಲರನ್ನು ಮೆಚ್ಚಿ ಕೊಂಡ ಮೇಲೆ ಪಿಕಪ್ಪನ್ನು ಅದಕ್ಕೆ ಒಗ್ಗಿಸಲು ಹೆಣಗುವ ಬದಲು, ಬಾಗಿಲ ಚೀಟಿಯ ಅಂಕಿಯಿಂದ ಕುಟುಂಬದ ಮತ್ತು ಸಾಮಾನಿನ ತೂಕವನ್ನು ಮೊದಲು ಕಳೆದು, ಉಳಿದುದಕ್ಕೆ ಹೊಂದುವ ಟ್ರೇಲರನ್ನು ಆರಿಸಿಕೊಂಡರೆ ಸಾಧಾರಣ ವಾಹನವೂ ವರ್ಷಗಟ್ಟಲೆ ನಿಶ್ಚಿಂತೆಯಿಂದ ದುಡಿಯುತ್ತದೆ. ಓಲಾಡುವ ಟ್ರೇಲರ್ ತನ್ನ ಒಡೆಯನನ್ನಷ್ಟೇ ಅಲ್ಲ, ಪಕ್ಕದ ಸಾಲಿನಲ್ಲಿ ಬರುವ ಅಪರಿಚಿತರನ್ನೂ ಗಂಡಾಂತರಕ್ಕೆ ದೂಡುವುದರಿಂದ, ಈ ಕೂಡು-ಕಳೆಯನ್ನು ಹೊರಡುವ ಮುನ್ನವೇ ಮಾಡಿ ಮುಗಿಸುವುದು ರಸ್ತೆಯನ್ನು ಹಂಚಿಕೊಂಡ ಎಲ್ಲರ ಬಗೆಗಿನ ಕರ್ತವ್ಯ.